ಬಿಸಿಲಲ್ಲಿ ಒಣಗಿಸಿದ ಚೀಲಗಳು

ಫೆಬ್ರವರಿ ೩

ಮಾವ,

ನಮಸ್ಕಾರ. ಹೆರಿಗೆ ರಜೆ ಮುಗಿದು ಸೋಮವಾರದಿಂದ ಕೆಲಸಕ್ಕೆ ಬರುತ್ತಿದ್ದೇನೆ. ಊಟದ ಬಿಡುವಿನಲ್ಲಿ, ಹೊರದೇಶದ ಹುಳಗಳನ್ನು ಕೂಡಿಡುವ ಕ್ವಾರಂಟೈನ್ ಕಟ್ಟಡದ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಓರೆಯಾಗಿದ್ದರೆ ಅದು ತೂಕಡಿಕೆ. ನಾಲ್ಕು ತಿಂಗಳಿಂದ ಒಟ್ಟಿಗೆ ಎರಡು ಗಂಟೆ ಕಣ್ಣು ಮುಚ್ಚಿದ ನೆನಪಿಲ್ಲ. ನಿನ್ನೆ ರಿಜಿಸ್ಟರಿನಲ್ಲಿ ತಾರೀಖು ಬರೆಯುವ ಕಡೆ ಮಗುವಿನ ತೂಕ ಬರೆದಿದ್ದೆ. ಸಾಹೇಬರು ಕನ್ನಡಕ ಮೇಲೆತ್ತಿ, "ಏನಮ್ಮಾ, ಇವತ್ತು ಆರೂವರೆ ಕೆಜಿನಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವರು ಗುಮಾಸ್ತರ ಹತ್ತಿರ, "ಹೆತ್ತ ಮೇಲೆ ಒಂದು ವರ್ಷ ಇವರನ್ನ ಲೆಕ್ಕಕ್ಕೆ ಇಟ್ಕೋಬಾರದು" ಅಂದದ್ದೂ ಕೇಳಿಸಿತು. ಅದಕ್ಕೆ ನಗಲಿಲ್ಲ.

ನೀನು ಹೋದ ಮೇಲೆ ಕೆರೆ ಪೂರ್ತಿ ಮುಚ್ಚಿಹೋಗಿದೆ. ನೀರೇ ಕಾಣುವುದಿಲ್ಲ, ಬರೀ ಕಳೆ. ಮೊನ್ನೆ ಬೀದಿನಾಯಿಯೊಂದು ಮೈದಾನವೆಂದುಕೊಂಡು ಓಡಿಹೋಗಿ ಮುಳುಗಿ, ತಲೆಯ ಮೇಲೆ ಕಳೆಯ ಟೋಪಿ ಹಾಕಿಕೊಂಡು ಈಜಿ ಬಂತು. ನಮ್ಮ ಮನೆಯವರು ಪಂಪ್‌ಹೌಸಿನ ಜಾಲರಿಯಿಂದ ದಿನಕ್ಕೆ ಮೂರು ಸಲ ಕಳೆ ಕೀಳಿಸುತ್ತಾರೆ. ಬೆಳಗ್ಗೆ ಕಿತ್ತದ್ದು ಸಂಜೆಗೆ ಮತ್ತೆ ಹಾಜರು. ಪರದೇಶದಿಂದ ಬಂದ ಈ ಗಿಡ ಅತ್ತೆಯಿಲ್ಲದ ಮನೆಯ ಸೊಸೆಯಂತೆ ಮೆರೆಯುತ್ತಿದೆ, ಇದು ಹುಟ್ಟಿದೂರಿಗೇ ಹೋಗಿ ಇದಕ್ಕೊಬ್ಬ ಅತ್ತೆಯನ್ನು ಹುಡುಕಿ ತರುತ್ತೇನೆ ಅಂತ ಹೊರಟೆಯಲ್ಲ, ಸಿಕ್ಕಿದಳಾ? ಬೇಗ ಕಳಿಸು. ಈ ಋತುವಿನಲ್ಲಿ ಕಳೆ ತಿನ್ನುವ ಹುಳ ಜೀವಂತವಾಗಿ ಬಾರದಿದ್ದರೆ ನಮ್ಮ ಯೋಜನೆ ಮುಚ್ಚಿ ಕೆರೆಗೆ ವಿಷ ಹೊಡೆಯುವುದೆಂದು ಮೇಲಿನವರು ಬರೆದಿದ್ದಾರೆ. ನಾವು ಕುಡಿಯುವ ನೀರಿಗೆ.

ಇಲ್ಲಿ ಎಲ್ಲ ತಯಾರಿದೆ. ಹುಳ ತಪ್ಪಿಸಿಕೊಳ್ಳದಂತೆ ಎರಡು ಬಾಗಿಲು, ನಡುವಿನ ಕತ್ತಲೆ ಕೋಣೆ, ಜೇಬಿಲ್ಲದ ಬಿಳಿ ಅಂಗಿ. "ಹುಳಕ್ಕೆ ನಿಮ್ಮ ಸೋಪಿನ ಪರಿಮಳ ಬೇಡ, ಬರೀ ನೀರಿನಲ್ಲಿ ಮೂರು ಸಲ ಕೈ ತೊಳೆಯಿರಿ" ಎಂಬ ನಿನ್ನ ಕೈಬರಹದ ಚೀಟಿಯೂ ನಲ್ಲಿಯ ಮೇಲೆ ಹಾಗೇ ಅಂಟಿಕೊಂಡಿದೆ.

ಕಳೆಯ ಜೊತೆ ಸೊಳ್ಳೆ. ತೊಟ್ಟಿಲಲ್ಲಿದ್ದ ಗುಬ್ಬಿಯ ಮುಖದ ಮೇಲೆ ಇವತ್ತು ಒಂಬತ್ತು ದದ್ದು. ಅತ್ತೆ ಎತ್ತಿಕೊಂಡು ನನ್ನ ಮುಂದೆ ಹಿಡಿದು, "ನೋಡು, ನಿಮ್ಮಮ್ಮ ಹುಳ ಸಾಕೋಕೆ ಹೋಗ್ತಾಳೆ, ಹುಳ ನಿನ್ನ ತಿನ್ನೋಕೆ ಬರ್ತಾವೆ" ಅಂದರು. ಮಗುವಿಗೆ ಹೇಳಿದ ಹಾಗಿತ್ತು.

ನಿನ್ನ
ಇರುವೆ

ಫೆಬ್ರವರಿ ೧೪

ಇರುವೆ,

ಈ ಪತ್ರ ಪೆಟ್ಟಿಗೆಯೊಳಗೇ ಬರುತ್ತಿದೆ. ಅಂದರೆ ಪೆಟ್ಟಿಗೆ ತೆರೆದಿದ್ದೀಯ. ಮೊದಲು ಹುಳ, ಆಮೇಲೆ ಮಾವ. ಕೆಲಸ ಮುಗಿಸಿ ಮುಂದೆ ಓದು.

ಮುಗಿಯಿತಾ? ಸರಿ. ಹನ್ನೊಂದು ವಾರ ಜೌಗಿನಲ್ಲಿ ಅಲೆದೆ. ನಮ್ಮ ಕೆರೆಯ ಮಹಾರಾಣಿ ಇಲ್ಲಿ ದಡದ ಮೂಲೆಯಲ್ಲಿ ಮುದುರಿ ಕೂತ ಬಡಪಾಯಿ, ಎಲೆಯೆಲ್ಲ ತೂತು. ಆ ತೂತಿನ ಬೆನ್ನು ಹತ್ತಿ ಹೋದಾಗ ಸಿಕ್ಕಿತು ಈ ಮೂತಿಹುಳ. ಎಳ್ಳುಕಾಳಿನಷ್ಟು ಗಾತ್ರ, ಬೂದಿ ಬಣ್ಣ, ಮುಂದೆ ಸಣ್ಣ ಸೊಂಡಿಲು. ಒಟ್ಟು ನಲವತ್ತೊಂದು. ಬೇರೆ ಯಾವ ಗಿಡವನ್ನೂ ಇವು ಮುಟ್ಟಿದ್ದನ್ನು ನಾನು ನೋಡಿಲ್ಲ. ಆದರೆ ನಾನು ನೋಡಿಲ್ಲ ಅನ್ನುವುದು ಸಾಲದು. ನಮ್ಮ ಬೆಳೆಗಳ ಮುಂದೆ ಉಪವಾಸ ಕೂರಿಸಿ ನೀನು ನೋಡಬೇಕು.

ಎರಡು ಮಾತು. ಇವು ಮಹಾ ನಟರು. ಮುಟ್ಟಿದ ತಕ್ಷಣ ಕಾಲು ಮಡಚಿ ಸತ್ತಂತೆ ಬೀಳುತ್ತವೆ. ಹೆದರಬೇಡ, ಮೆಲ್ಲಗೆ ಉಸಿರೂದು, ಎದ್ದು ನಡೆಯುತ್ತವೆ. ಇನ್ನೊಂದು: ಬ್ರಷ್ಷಿನಿಂದ ಎತ್ತಬೇಡ, ಸೊಂಡಿಲು ಮುರಿಯುತ್ತದೆ. ನೀನು ಚಿಕ್ಕವಳಿದ್ದಾಗ ಇರುವೆಗಳಿಗೆ ಮಾಡುತ್ತಿದ್ದೆಯಲ್ಲ, ಹಾಗೆ ಅಂಗೈ ಚಾಚು. ಅವೇ ಹತ್ತಿ ಬರುತ್ತವೆ.

ಚೀಲಗಳನ್ನು ಗಮನಿಸು. ನಾನಿರುವ ಮನೆಯ ಒಡತಿ ದರ್ಜಿ. ನಾನು ಅವರನ್ನು ದರ್ಜಿಯಮ್ಮ ಅಂತಲೇ ಕರೆಯುವುದು. ಇಲ್ಲಿನ ಸಸ್ಯ ಸಂಶೋಧನಾಲಯದವರು ನಮ್ಮಂಥ ಪರದೇಶಿಗಳನ್ನು ಇವರ ಮನೆಗೇ ಕಳಿಸುತ್ತಾರೆ. ಹುಳಕ್ಕೆ ಉಸಿರಾಡಲು ಬಿಡುವ, ಓಡಲು ಬಿಡದ ಬಟ್ಟೆ ಬೇಕು ಅಂದೆ. ಮೂರು ಅಂಗಡಿ ಸುತ್ತಿ ತಂದು, ಕೈಯಲ್ಲೇ ಹೊಲಿದು, ಬರೀ ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕಿ ಕೊಟ್ಟರು. "ನಿಮ್ಮ ಹುಳಗಳಿಗೆ ಇಷ್ಟು ಚೆನ್ನಾಗಿ ಹೊಲಿದಿದ್ದೀನಿ, ನಿಮ್ಮ ಅಂಗಿ ನೋಡಿದ್ರೆ ಅಯ್ಯೋ ಅನ್ಸುತ್ತೆ" ಅಂತ ಬೈಗುಳವೂ ಸಿಕ್ಕಿತು.

ಗುಬ್ಬಿಗೆ ಮುತ್ತು. ನಿಮ್ಮ ಸಾಹೇಬರಿಗೆ ಹೇಳು: ಇರುವೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳದವರು ಸಕ್ಕರೆ ಡಬ್ಬಿ ಕಳೆದುಕೊಳ್ಳುತ್ತಾರೆ.

ಮಾವ

ತಂತಿ, ಫೆಬ್ರವರಿ ೧೯

ಪೆಟ್ಟಿಗೆ ತಲುಪಿತು. ತೆರೆದಾಗ ನಲವತ್ತೊಂದೂ ಸತ್ತಿದ್ದವು. ಪತ್ರ ಬರುತ್ತಿದೆ.

ಫೆಬ್ರವರಿ ೨೦

ಮಾವ,

ತಂತಿ ಸಿಕ್ಕಿರಬೇಕು. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ. ಪೆಟ್ಟಿಗೆ ಎರಡು ದಿನ ತಡವಾಗಿ ಬಂತು. ವಿಮಾನ ನಿಲ್ದಾಣದ ಸುಂಕದವರು ತಡೆದಿದ್ದರಂತೆ. ಸಾಹೇಬರು ಊರಲ್ಲಿರಲಿಲ್ಲ. ಪೆಟ್ಟಿಗೆ ತೆರೆಯುವಾಗ ಇಬ್ಬರಿರಬೇಕು ಅನ್ನುವುದು ಗೊತ್ತು, ಆದರೆ ಇನ್ನೂ ಕಾಯುವುದು ಬೇಡವೆಂದು ಒಬ್ಬಳೇ ತೆರೆದೆ.

ಎಲ್ಲ ಸತ್ತಿದ್ದವು. ನಟನೆ ಅಂದುಕೊಂಡೆ. ನೀನು ಹೇಳಿದ ಹಾಗೆ ಉಸಿರೂದಿ ನೋಡಿದೆ. ಒಂದೊಂದಕ್ಕೂ ಊದಿದೆ. ಅರ್ಧ ಗಂಟೆ ಕಾದು ಮತ್ತೆ ಊದಿದೆ. ಎಲ್ಲವೂ ಅಂಗಾತ ಬಿದ್ದಿದ್ದವು, ಕಾಲುಗಳು ಎದೆಯ ಮೇಲೆ ಮಡಚಿಕೊಂಡು ಒಂದಕ್ಕೊಂದು ಸಿಕ್ಕಿಹಾಕಿಕೊಂಡಿದ್ದವು. ಎಲೆಗಳಲ್ಲಿ ಇನ್ನೂ ತೇವ ಇತ್ತು.

ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಪೆಟ್ಟಿಗೆ, ಚೀಲ, ಎಲೆ ಎಲ್ಲವನ್ನೂ ನಿಯಮದಂತೆ ಸುಟ್ಟಿದ್ದೇವೆ. ನಿನ್ನ ಹನ್ನೊಂದು ವಾರ, ಮಾವ. ನನಗೆ ಇನ್ನೇನೂ ಬರೆಯಲು ಆಗುತ್ತಿಲ್ಲ. ಗುಬ್ಬಿ ಚೆನ್ನಾಗಿದ್ದಾನೆ.

ಇರುವೆ

ಮಾರ್ಚ್ ೫

ಇರುವೆ,

ಅಳಬೇಡ. ಮೂವತ್ತು ವರ್ಷದಲ್ಲಿ ನಾನು ಕಳಿಸಿದ ಹುಳಗಳಲ್ಲಿ ಬದುಕಿ ತಲುಪಿದ್ದಕ್ಕಿಂತ ಸತ್ತದ್ದೇ ಹೆಚ್ಚು. ಆದರೆ ಈ ಸಲ ಯಾಕೆ ಸತ್ತವು ಅನ್ನುವುದು ಗೊತ್ತಾಗಿದೆ, ಅದೂ ನಿನ್ನಿಂದಲೇ. ನಿನ್ನ ಕಣ್ಣು ಎಂಥ ಕಣ್ಣು! ಬೇರೆಯವರಾಗಿದ್ದರೆ "ಸತ್ತಿವೆ" ಅಂತ ಬರೆದು ಸುಮ್ಮನಾಗುತ್ತಿದ್ದರು.

ಯೋಚಿಸು. ಬಿಸಿಲಿಗೆ ಸತ್ತಿದ್ದರೆ ಚೀಲದ ಹೊಲಿಗೆಯ ಹತ್ತಿರ ಗುಂಪಾಗಿ ಸತ್ತಿರುತ್ತಿದ್ದವು. ಬಾಯಾರಿ ಸತ್ತಿದ್ದರೆ ಒಣಗಿ ಹಗುರವಾಗಿರುತ್ತಿದ್ದವು, ಎಲೆಯೂ ಒಣಗಿರುತ್ತಿತ್ತು. ಅಂಗಾತ ಬಿದ್ದು ಕಾಲು ಮಡಚಿ ಸಿಕ್ಕುಹಾಕಿಕೊಂಡಿವೆ ಅಂದರೆ ಒಂದೇ ಅರ್ಥ. ವಿಷ. ವಿಷ ಎಲ್ಲಿಂದ ಬಂತು? ಎಲೆ ನಾನು ಕಿತ್ತದ್ದು. ಪೆಟ್ಟಿಗೆ ಹೊಸದು. ಉಳಿದದ್ದು ಚೀಲ.

ದರ್ಜಿಯಮ್ಮನಿಗೆ ಒಂದು ಹಳೆಯ ಮರದ ಪೆಟ್ಟಿಗೆಯಿದೆ. ಹೊಲಿದ ಚೀಲಗಳನ್ನು ನಾಲ್ಕು ದಿನ ಅದರಲ್ಲಿಟ್ಟಿದ್ದರು. ಬಟ್ಟೆ ಇಡುವ ಪೆಟ್ಟಿಗೆ ಅಂದ ಮೇಲೆ ನುಸಿಗುಳಿಗೆ ಇಲ್ಲದಿರುತ್ತದೆಯೇ? ಮುಚ್ಚಳ ತೆಗೆಸಿ ತಲೆ ಒಳಗೆ ಹಾಕಿ ಮೂಸಿದೆ. ಇತ್ತು, ಘಾಟು! (ಒಳಗೆ ತಲೆ ಹಾಕಿದವನೇ ಎಂಟು ಸಲ ಸೀನಿದೆ, ಒಂದು ವಾರದಿಂದ ಹಾಳು ನೆಗಡಿ.) "ಗುಳಿಗೆ ನಾನು ಜನ್ಮದಲ್ಲಿ ಹಾಕಿಲ್ಲ, ಹುಡುಕಿ ನೋಡಿ" ಅಂದರು. ಹುಡುಕಿದೆ, ಸಿಗಲಿಲ್ಲ. "ಕರಗಿರುತ್ತೆ" ಅಂದೆ. "ಕರಗಿದ್ದು ನಿಮ್ಮ ಬುದ್ಧಿ" ಅಂದರು. ನನಗೂ ಸಿಟ್ಟು ಬಂತು. ಬೇರೆ ಬಾಡಿಗೆದಾರರು ಊಟಕ್ಕೆ ಕೂತಿದ್ದರು, ಅವರ ಮುಂದೆಯೇ ಹೇಳಬಾರದ್ದನ್ನೂ ಹೇಳಿದೆ. ಕೊನೆಗೆ ಆಕೆ ಪೆಟ್ಟಿಗೆಯಿಂದ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ಒಂದೊಂದಾಗಿ ಮೂಸುತ್ತಾ ಕೂತಳು. ನಾನು ಹಾಸಿಗೆ ಸುತ್ತಿಕೊಂಡು ಹೊರಟುಬಂದೆ. ಈಗ ಬಸ್ ನಿಲ್ದಾಣದ ಹಿಂದಿನ ಕೋಣೆಯೊಂದರಲ್ಲಿದ್ದೇನೆ.

ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಮತ್ತೆ ಹುಡುಕುತ್ತೇನೆ.

ಮಾವ

ಮಾರ್ಚ್ ೧೮

ಮಾವ,

ನಿನ್ನ ಪತ್ರ ಬಂದು ಎರಡು ದಿನವಾಯಿತು. ನಾಲ್ಕು ಸಲ ಉತ್ತರ ಬರೆದು ಹರಿದೆ.

ನೀನು ಅಷ್ಟು ಖಚಿತವಾಗಿ ಹೇಳಬೇಡ. ದರ್ಜಿಯಮ್ಮ ಹೇಳಿದ್ದು ನಿಜವೇ ಇರಬಹುದಲ್ಲ? ಸುಂಕದವರು ಪೆಟ್ಟಿಗೆಯನ್ನು ಯಾವ ಗೋದಾಮಿನಲ್ಲಿ, ಯಾವ ಔಷಧಿಯ ಪಕ್ಕ ಇಟ್ಟಿದ್ದರೋ. ನಾನು ಬರೆದದ್ದೂ ಸರಿಯಿರಲಿಕ್ಕಿಲ್ಲ. ನಿದ್ದೆಗಣ್ಣು, ತಾರೀಖಿನ ಜಾಗದಲ್ಲಿ ತೂಕ ಬರೆಯುವವಳ ಮಾತು ನಂಬಿ ಒಬ್ಬರ ಮನೆ ಬಿಟ್ಟುಬರುತ್ತಾರೆಯೇ? ದಯವಿಟ್ಟು ವಾಪಸ್ಸು ಹೋಗಿ ಅವರನ್ನು ಮಾತಾಡಿಸು. ಆಕೆ ಬಟ್ಟೆಗಳನ್ನು ಮೂಸುತ್ತಾ ಕೂತಳು ಅಂತ ಬರೆದಿದ್ದೀಯಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಬಾಟಲಿ ತೊಳೆಯುವಾಗ, ಮಗುವಿಗೆ ಹಾಲು ಕೊಡುವಾಗ, ಅದೇ.

ಇಲ್ಲಿ ಗುಬ್ಬಿಯ ತೊಟ್ಟಿಲಿನ ಸೊಳ್ಳೆಪರದೆ ತೆಗೆದುಹಾಕಿದ್ದೇನೆ. ಅತ್ತೆಗೆ ಕೋಪ. "ಒಂದು ತಿಂಗಳ ಹಿಂದೆ ಅಷ್ಟು ಮುತುವರ್ಜಿಯಿಂದ ಕಟ್ಟಿದ್ದೆ, ಈಗ ಏನು ಬಂತು ದೊಡ್ಡ ರೋಗ?" ಅನ್ನುತ್ತಾರೆ. ಹಗಲೆಲ್ಲ ಬೀಸಣಿಗೆ ಹಿಡಿದು ಕೂತಿರುತ್ತಾರೆ ಪಾಪ.

ಇರುವೆ

ಏಪ್ರಿಲ್ ೧

ಇರುವೆ,

ನಿನ್ನ ಕರುಳು ದೊಡ್ಡದು. ಅದು ನಿಮ್ಮಮ್ಮನಿಂದ ಬಂದದ್ದು. ನನ್ನ ಅಕ್ಕ ಕಚ್ಚಿದ ಸೊಳ್ಳೆಗೂ ನೆಪ ಹುಡುಕುತ್ತಿದ್ದಳು. ಆದರೆ ಈ ಕೆಲಸಕ್ಕೆ ಕರುಳು ಸಾಲದು, ಕಟ್ಟುನಿಟ್ಟು ಬೇಕು. ಸಂಶೋಧನಾಲಯದ ನಿರ್ದೇಶಕರಿಗೂ ವಿಷಯ ತಿಳಿಸಿದ್ದೇನೆ. ಇನ್ನು ಮುಂದೆ ಆ ಮನೆಗೆ ಯಾರನ್ನೂ ಕಳಿಸುವುದಿಲ್ಲವಂತೆ. ಒಳ್ಳೆಯದೇ ಆಯಿತು, ನಾಳೆ ಇನ್ನೊಬ್ಬನ ಹುಳ ಸಾಯುವುದು ತಪ್ಪಿತು.

ಚೀಲ ಈಗ ನಾನೇ ಹೊಲಿಯುತ್ತಿದ್ದೇನೆ. ನನ್ನ ಬೆರಳಲ್ಲಿ ಈಗ ಚೀಲಕ್ಕಿಂತ ಹೆಚ್ಚು ತೂತುಗಳಿವೆ. ಮೊದಲು ದರ್ಜಿಯಮ್ಮನ ತಮ್ಮನ ದೋಣಿಯಲ್ಲಿ ಹೋಗುತ್ತಿದ್ದೆ. ಅವನು ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ನಾಳೆ ಬೇರೊಂದು ದೋಣಿ ಹಿಡಿದು ಒಬ್ಬನೇ ಹೋಗುತ್ತೇನೆ. ಋತು ಮುಗಿಯುತ್ತಾ ಬಂತು.

ಪರದೆ ಯಾಕೆ ತೆಗೆದೆ? ಕಟ್ಟು. ಮಗುವಿನ ವಿಷಯದಲ್ಲಿ ಹುಡುಗಾಟ ಬೇಡ.

ಮಾವ

ಏಪ್ರಿಲ್ ೧೩

ಮಾವ,

ಇದನ್ನು ಹರಿಯುವುದಿಲ್ಲ. ಬರೆದ ಕೂಡಲೇ ಅಂಚೆಗೆ ಹಾಕಲೆಂದು ಅಂಚೆ ಕಚೇರಿಯ ಬೆಂಚಿನ ಮೇಲೇ ಕೂತಿದ್ದೇನೆ. ಗುಬ್ಬಿ ತೊಡೆಯ ಮೇಲಿದ್ದಾನೆ.

ಹುಳಗಳು ಬದುಕಿದ್ದವು. ಪೆಟ್ಟಿಗೆ ತೆರೆದಾಗ ನಲವತ್ತೊಂದೂ ಬದುಕಿದ್ದವು.

ಆ ಬೆಳಿಗ್ಗೆ ಏಳು ಗಂಟೆಗೆ ಹಿತ್ತಲಲ್ಲಿ ಕೂತು ಗುಬ್ಬಿಯ ಸೊಳ್ಳೆಪರದೆಯನ್ನು ಔಷಧಿ ನೀರಿನಲ್ಲಿ ಅದ್ದಿದ್ದೆ. ಪರದೆಯ ಮೇಲೆ ಕೂತ ಸೊಳ್ಳೆ ಅಲ್ಲೇ ಸಾಯುವ ಔಷಧಿ. ಕೋಲಿನಿಂದ ಕಲಕಬೇಕು ಅಂತ ಡಬ್ಬಿಯ ಮೇಲೆ ಬರೆದಿತ್ತು. ಕೋಲು ಹುಡುಕಲು ಹೊತ್ತಿರಲಿಲ್ಲ, ಮಗು ಅಳುತ್ತಿತ್ತು. ಕೈ ಹಾಕಿ ಕಲಕಿದೆ, ಕೈಯಲ್ಲೇ ಹಿಂಡಿದೆ. ಅಷ್ಟರಲ್ಲಿ ಪೆಟ್ಟಿಗೆ ಬಂತೆಂದು ಕಚೇರಿಯ ಜವಾನ ಬಂದು ಹೇಳಿದ. ಓಡಿದೆ. ಕೈ ತೊಳೆದೆ, ಮಾವ. ಬರೀ ನೀರಿನಲ್ಲಿ, ಮೂರು ಸಲ, ನಿನ್ನ ಚೀಟಿಯನ್ನು ನೋಡಿಕೊಂಡು. ಆ ಔಷಧಿ ಬರೀ ನೀರಿಗೆ ಹೋಗುವಂಥದ್ದಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ನಾನು ಓದಿದ್ದೇ ಕೀಟಶಾಸ್ತ್ರ.

ಚೀಲ ಬಿಚ್ಚಿ ಅಂಗೈ ಚಾಚಿದೆ. ಒಂದೊಂದಾಗಿ ಹತ್ತಿ ಬಂದವು. ಎಷ್ಟು ಚೆಂದ ನಡೆಯುತ್ತಿದ್ದವು ಅಂದರೆ ನನಗೆ ನಗು ಬಂತು. ಹೆತ್ತ ಮೇಲೆ ಮೊದಲ ಸಲ ನಾನೂ ಒಂದು ಕೆಲಸಕ್ಕೆ ಬರುತ್ತೇನೆ ಅನ್ನಿಸಿತು. ನಲವತ್ತೊಂದನ್ನೂ ಅಂಗೈಯಿಂದಲೇ ಪಂಜರದೊಳಗಿನ ಗಿಡಕ್ಕೆ ಇಳಿಸಿದೆ. ಮನೆಗೆ ಓಡಿ ಮಗುವಿಗೆ ಹಾಲು ಕೊಟ್ಟು ಒಂದು ಗಂಟೆಯ ನಂತರ ಹೋಗಿ ನೋಡಿದರೆ ಎಲ್ಲ ನೆಲದ ಮೇಲೆ ಅಂಗಾತ ಬಿದ್ದಿದ್ದವು, ಕಾಲು ನಡುಗುತ್ತಿತ್ತು. ನಟನೆ ಅಂದುಕೊಂಡು ಊದಿದೆ. ಆಮೇಲೆ ಕೈ ಮೂಸಿ ನೋಡಿಕೊಂಡೆ.

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಾಹೇಬರ ಆ ಮಾತು ಕಿವಿಯಲ್ಲಿತ್ತು. ಲೆಕ್ಕಕ್ಕೆ ಇಟ್ಕೋಬಾರದು. ತಾಯಿಯಾಗಿಯೂ ಸರಿಯಿಲ್ಲ, ಕೆಲಸದಲ್ಲೂ ಸರಿಯಿಲ್ಲ ಅಂತ ನಾನೇ ಬರೆದು ಸಹಿ ಹಾಕಬೇಕಿತ್ತು. "ತೆರೆದಾಗ" ಅನ್ನುವ ಒಂದು ಪದ ಸೇರಿಸಿದೆ, ಅಷ್ಟೇ. ಉಳಿದದ್ದೆಲ್ಲ ನಿಜವನ್ನೇ ಬರೆದೆ. ಸುಳ್ಳಿನಲ್ಲಿ ಆದಷ್ಟು ನಿಜ ತುಂಬಿದರೆ ಪಾಪ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆನೋ ಏನೋ. ಅದೇ ನಿಜವನ್ನು ಹಿಡಿದುಕೊಂಡು ನೀನು ದರ್ಜಿಯಮ್ಮನ ಪೆಟ್ಟಿಗೆಯವರೆಗೆ ಹೋದೆ.

ನೀನು ಹೊಗಳಿದ ಕಣ್ಣು ಇದು. ಮಾರ್ಚ್‌ನಲ್ಲೇ ಹೇಳಬಹುದಿತ್ತು. ನಿನಗೆ ಗೊತ್ತಾಗಲಿ ಅಂತ ಸುತ್ತಿಬಳಸಿ ಬರೆದೆ, ಗೊತ್ತಾಗದಿರಲಿ ಅಂತಲೂ ಪ್ರಾರ್ಥಿಸಿದೆ. ನೀನು ಅದನ್ನು ಕರುಳು ಅಂದೆ.

ಇಲ್ಲಿಂದ ನೇರ ಸಾಹೇಬರ ಕೋಣೆಗೆ ಹೋಗುತ್ತೇನೆ. ನೀನು ದರ್ಜಿಯಮ್ಮನ ಹತ್ತಿರ ಹೋಗು. ಇದನ್ನು ಓದಿ ಹೇಳು. ಒಂದು ಸಾಲೂ ಬಿಡಬೇಡ.

ಮೇ ೬

ಪತ್ರ ಬಂದು ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ಕಾರಣ ಸಿಟ್ಟು ಮಾತ್ರವಲ್ಲ. ಸಿಟ್ಟು ಇತ್ತು, ಈಗಲೂ ಇದೆ. ಮೂವತ್ತು ವರ್ಷ ನಾನು ಸಾವಿರಾರು ಹುಳ ಕಳೆದುಕೊಂಡಿದ್ದೇನೆ, ಒಂದು ಸಲವೂ ಸುಳ್ಳು ದಾಖಲೆ ಬರೆದಿಲ್ಲ. ಸತ್ತ ಹುಳದಿಂದಲೂ ನಾವು ಕಲಿಯುತ್ತೇವೆ. ಸುಳ್ಳು ದಾಖಲೆಯ ಹುಳದಿಂದ ಏನು ಕಲಿಯುವುದು?

ಅಷ್ಟು ಬರೆದು ಪೆನ್ನು ಕೆಳಗಿಟ್ಟೆ. ನಾನೂ ನಿನಗೆ ಹೇಳದ್ದು ಇದೆ.

ಏಪ್ರಿಲ್ ಎರಡರಂದು ಒಬ್ಬನೇ ಹೋದೆನಲ್ಲ, ದೋಣಿ ಮಗುಚಿತು. ಮುಳುಗಿದ್ದ ಗೂಟ ಕಾಲಿಗೆ ಹೊಕ್ಕಿತು. ಮೂರನೆಯ ದಿನಕ್ಕೆ ಜ್ವರ ಏರಿ, ಬಸ್ ನಿಲ್ದಾಣದ ಹಿಂದಿನ ಕೋಣೆಯಲ್ಲಿ ಏನೇನೋ ಬಡಬಡಿಸುತ್ತಾ ಬಿದ್ದಿದ್ದೆನಂತೆ. ಯಾರೋ ದರ್ಜಿಯಮ್ಮನಿಗೆ ಸುದ್ದಿ ಮುಟ್ಟಿಸಿದ್ದಾರೆ. ಅವರು ತಳ್ಳುಗಾಡಿ ತಂದು, ತಮ್ಮನ ಕೈಲಿ ಎತ್ತಿಸಿ ಹಾಕಿಕೊಂಡು ಹೋದರು. ಹದಿನೆಂಟು ದಿನ ಅದೇ ಮನೆಯ ಅದೇ ಕೋಣೆಯಲ್ಲಿ ಮಲಗಿದ್ದೆ. ಕಾಲಿಗೆ ಅವರೇ ಬಟ್ಟೆ ಕಟ್ಟುತ್ತಿದ್ದರು. ಒಂದೇ ಒಂದು ಸಲ, ಗಾಯ ತೊಳೆಯುವಾಗ, "ಈ ಬಟ್ಟೆ ಮೂಸಿ ನೋಡ್ತೀರಾ ಮೊದಲು?" ಅಂದರು. ಆ ಕೋಣೆಯಲ್ಲಿ ಮಲಗಿರುವಾಗಲೂ ಅವರದೇ ತಪ್ಪು, ದೊಡ್ಡ ಮನಸ್ಸು ಮಾಡಿ ಕ್ಷಮಿಸೋಣ ಅಂದುಕೊಂಡಿದ್ದೆ ನಾನು.

ನಿನ್ನ ಪತ್ರ ಅಲ್ಲೇ ಬಂತು. ಅಷ್ಟು ಹೊತ್ತಿಗೆ ಮೂಗು ಬಿಟ್ಟಿತ್ತು. ಓದಿ, ಕುಂಟಿಕೊಂಡು ಹೋಗಿ, ಅವರಿಲ್ಲದಾಗ ಆ ಪೆಟ್ಟಿಗೆ ತೆರೆದು ಮೂಸಿದೆ. ಹಳೆಯ ಮರದ ವಾಸನೆ. ಇನ್ನೇನೂ ಇಲ್ಲ. ನೆಗಡಿ ಹಿಡಿದ ಮೂಗಿನಿಂದ ತೀರ್ಪು ಕೊಟ್ಟಿದ್ದೆ.

ಅವರಿಗೆ ಓದಿ ಹೇಳಿದೆ, ಅವರ ಭಾಷೆಗೆ ತಿರುಗಿಸುತ್ತಾ, ಒಂದು ಸಾಲೂ ಬಿಡದೆ. ಗುಂಡಿ ಹಚ್ಚುತ್ತಾ ಕೇಳಿದರು. ಕೈ ಹಾಕಿ ಕಲಕಿದೆ ಅಂತ ಬರೆದಿದ್ದೀಯಲ್ಲ, ಅದನ್ನು ಎರಡನೇ ಸಲ ಓದಿಸಿದರು. "ಮಗು ಅಳ್ತಿತ್ತಂತಾ?" ಅಂದರು. ಹೌದು ಅಂದೆ. ಕರಗಿಬಿಟ್ಟರು ಅಂದುಕೊಂಡೆ. ಇಲ್ಲ. ದಾರ ಕಚ್ಚಿ ತುಂಡರಿಸಿ, "ಸರಿ, ನಿಮಗೆ ಗೊತ್ತಾಯ್ತು. ಊರಿಗೆ ಯಾರು ಹೇಳ್ತಾರೆ? ಎರಡು ತಿಂಗಳಿಂದ ನನ್ನ ಮೆಟ್ಟಿಲು ಯಾರೂ ಹತ್ತಿಲ್ಲ" ಅಂದರು.

ಮಾರನೇ ದಿನ ನಿರ್ದೇಶಕರ ಹತ್ತಿರ ಹೋಗಿ ನನ್ನ ಮಾತು ವಾಪಸ್ಸು ತಗೊಂಡೆ. ಆತ ನಕ್ಕರು: "ಜ್ವರದಲ್ಲಿ ನೋಡಿಕೊಂಡಿದ್ದಾರೆ, ಋಣ ತೀರಿಸೋಕೆ ಬಂದಿದ್ದೀರಿ." ನಿಜ ಹೇಳಿದಾಗ ನಂಬದಿರುವುದಕ್ಕೆ ನಾನೇ ದಾರಿ ಮಾಡಿಕೊಟ್ಟಿದ್ದೆ.

ಬಂದು ಹೇಳಿದೆ. ದರ್ಜಿಯಮ್ಮ ಯೋಚಿಸಿ, "ತಪ್ಪು ಮಾಡಿದ ಹುಡುಗಿ ನನಗೆ ಬರೀಲಿ. ನಿಮಗಲ್ಲ, ನನಗೆ. ಕಚೇರಿ ಮೊಹರು ಹಾಕಿ" ಅಂದರು. ನಿಮಗೆ ಓದಲು ಬರುವುದಿಲ್ಲವಲ್ಲ ಅಂದೆ. "ಓದೋಕೆ ಬರಲ್ಲ. ತೋರಿಸೋಕೆ ಬರುತ್ತೆ" ಅಂದರು.

ಬರೆ. ಕೆಳಗೆ ಜಾಗ ಬಿಡು, ನಾನು ಅವರ ಭಾಷೆಯಲ್ಲಿ ಬರೆದು ಸಹಿ ಹಾಕುತ್ತೇನೆ.

ಅವರ ತಮ್ಮ ಮತ್ತೆ ದೋಣಿ ಹತ್ತಿಸಿಕೊಂಡಿದ್ದಾನೆ. ಮೂವತ್ತೆಂಟು ಹುಳ ಸಿಕ್ಕಿವೆ. ಬರುವ ವಾರ ಕಳಿಸುತ್ತೇನೆ. ಚೀಲ ನನ್ನವೇ, ದರ್ಜಿಯಮ್ಮ ನೋಡಿ, "ಈ ಹೊಲಿಗೆಯಲ್ಲಿ ಹುಳ ಏನು, ಎಮ್ಮೆ ಕೂಡ ತಪ್ಪಿಸ್ಕೊಳ್ಳುತ್ತೆ" ಅಂದರು. ಹೊಲಿದುಕೊಡಿ ಅಂತ ಕೇಳುವ ಮುಖ ನನಗಿಲ್ಲ.

ಅಂಗೈ ಮೇಲೆ ನಡೆಸಿಕೋ ಅಂದವನು ನಾನು. ಸೋಪು ಬೇಡ ಅಂತ ಚೀಟಿ ಅಂಟಿಸಿದವನೂ ನಾನೇ. ಇದನ್ನು ನಿನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ.

ಮಾವ

ಮೇ ೨೧

ದರ್ಜಿಯಮ್ಮನವರಿಗೆ,

ನಮಸ್ಕಾರ. ನಿಮಗೆ ನನ್ನ ಪರಿಚಯವಿಲ್ಲ. ನಿಮ್ಮ ಮನೆಯಲ್ಲಿದ್ದ ಹುಳದವರ ಅಕ್ಕನ ಮಗಳು ನಾನು. ಅವರು ಕಳಿಸಿದ ಹುಳಗಳನ್ನು ಇಲ್ಲಿ ತೆಗೆದುಕೊಂಡು ಸಾಕುವ ಕೆಲಸ ನನ್ನದು. ಇದು ನಾಲ್ಕು ಜನ ನೋಡುವ ಪತ್ರವಾದ್ದರಿಂದ ಆದದ್ದನ್ನಷ್ಟೇ ಬರೆಯುತ್ತೇನೆ.

ಫೆಬ್ರವರಿ ಹತ್ತೊಂಬತ್ತರಂದು ನೀವು ಹೊಲಿದ ಚೀಲಗಳಲ್ಲಿ ನಲವತ್ತೊಂದು ಹುಳಗಳು ಬಂದವು. ನಲವತ್ತೊಂದೂ ಬದುಕಿದ್ದವು. ಅವನ್ನು ನಾನು ಸೊಳ್ಳೆಯ ಔಷಧಿ ಹತ್ತಿದ ಕೈಯಿಂದ ಮುಟ್ಟಿ ಕೊಂದೆ. ಬರುವಾಗಲೇ ಸತ್ತಿದ್ದವು ಎಂದು ರಿಜಿಸ್ಟರಿನಲ್ಲಿ ಸುಳ್ಳು ಬರೆದೆ, ತಂತಿಯಲ್ಲೂ ಪತ್ರದಲ್ಲೂ ಸುಳ್ಳು ಬರೆದೆ. ಆ ಸುಳ್ಳಿನಿಂದಾಗಿ ನಿಮ್ಮ ಮೇಲೆ ಅಪವಾದ ಬಂತು. ಅಪವಾದ ಬಂದಿದೆ ಎಂದು ಗೊತ್ತಾದ ಮೇಲೂ ಇಪ್ಪತ್ತೆಂಟು ದಿನ ಸುಮ್ಮನಿದ್ದೆ. ಸುಳ್ಳು ಭಯದಿಂದ ಬಂದಿತ್ತು. ಈ ಇಪ್ಪತ್ತೆಂಟು ದಿನಗಳಿಗೆ ನನ್ನ ಹತ್ತಿರ ಆ ನೆಪವೂ ಇಲ್ಲ.

ರಿಜಿಸ್ಟರಿನ ಆ ಸಾಲನ್ನು ಸಾಹೇಬರ ಎದುರು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ನಿಜವನ್ನು ಬರೆದಿದ್ದೇನೆ. ನನ್ನನ್ನು ಹುಳಗಳ ಕೋಣೆಯಿಂದ ತೆಗೆದು ಚೀಟಿ ಅಂಟಿಸುವ ಮೇಜಿಗೆ ಹಾಕಿದ್ದಾರೆ. ಅದು ಸರಿಯಾಗಿದೆ. ಮನೆಯಲ್ಲಿ ಅತ್ತೆಗೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಆ ಹೆಂಗಸಿಗೆ ಬರೆದ್ಯಾ?" ಅಂತ ಕೇಳಿದರು. ಅವತ್ತಿನಿಂದ ದಿನಾ ಅದನ್ನೇ ಕೇಳುತ್ತಿದ್ದಾರೆ.

ಎರಡನೆಯ ಪೆಟ್ಟಿಗೆ ಸೋಮವಾರ ಬಂತು. ಇಬ್ಬರು ತೆರೆದರು. ನಾನು ಗಾಜಿನ ಹೊರಗೆ ನಿಂತಿದ್ದೆ. ಚೀಲಗಳು ಆರಿದ್ದವು. ಐದರ ಹೊಲಿಗೆ ಮಾವನದು, ದೂರದಿಂದಲೇ ತಿಳಿಯುತ್ತಿತ್ತು. ಒಂದರ ಮೂಲೆ ಬಿಚ್ಚಿಕೊಂಡು ಮೂರು ಹುಳ ಪೆಟ್ಟಿಗೆಯ ಸಂದಿನಲ್ಲಿ ಸಿಕ್ಕಿ ಸತ್ತಿದ್ದವು. ಆರನೆಯ ಚೀಲದ ಹೊಲಿಗೆ ಬೇರೆ. ಸಣ್ಣದು, ನೇರ, ಒಂದೇ ಅಳತೆಯದು. ಮಾವನಿಗೆ ಹೇಳದೆ ಸೇರಿಸಿದಿರೋ, ಹೇಳಿಯೇ ಸೇರಿಸಿದಿರೋ ನನಗೆ ಗೊತ್ತಿಲ್ಲ. ಅದನ್ನು ಕ್ಷಮೆ ಅಂದುಕೊಳ್ಳುವ ಧೈರ್ಯ ನನಗಿಲ್ಲ. ಹುಳಗಳು ಸಾಯಬಾರದು ಅನ್ನುವುದಷ್ಟೇ ಇರಬಹುದು. ಅದರಲ್ಲಿದ್ದ ಎಂಟು ಹುಳಗಳೂ ನಡೆದುಕೊಂಡು ಹೊರಗೆ ಬಂದವು.

ಈಗ ಮೂವತ್ತೈದು ಹುಳಗಳು ಇಲ್ಲಿ ಬದುಕಿವೆ. ಇನ್ನು ಒಂದು ವರ್ಷ ಅವನ್ನು ನಮ್ಮ ಬೆಳೆಗಳ ಮುಂದೆ ಇಟ್ಟು ಪರೀಕ್ಷಿಸಬೇಕು. ಗೆದ್ದರೆ ಕೆರೆಗೆ ಬಿಡುತ್ತಾರೆ. ಅಲ್ಲಿಯವರೆಗೆ ಕೆರೆಗೆ ವಿಷ ಹೊಡೆಯುವುದಿಲ್ಲ ಎಂದು ಮೇಲಿನವರು ಬರೆದುಕೊಟ್ಟಿದ್ದಾರೆ.

ಹೊರಗಿನಿಂದ ಬಂದದ್ದೇನನ್ನೂ ಇಟ್ಟುಕೊಳ್ಳುವಂತಿಲ್ಲ, ಎಲ್ಲ ಸುಡಬೇಕು ಎನ್ನುವುದು ನಮ್ಮ ನಿಯಮ. ಆ ಒಂದು ಚೀಲವನ್ನು ಇಟ್ಟುಕೊಳ್ಳಲು ಬಿಡುತ್ತೀರಾ ಎಂದು ಸಾಹೇಬರನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಈಗ ಸುಡುವ ಕೆಲಸವೂ ನನ್ನದೇ. ನಿಯಮದಂತೆ ಸುಟ್ಟೆ.

ಇದನ್ನು ನಿಮ್ಮ ಬಾಗಿಲಿಗೆ ಅಂಟಿಸಿ. ನಿರ್ದೇಶಕರ ಮೇಜಿನ ಮೇಲೂ ಇಡಿ, ಅದಕ್ಕೆಂದೇ ಎರಡು ಪ್ರತಿ ಬರೆದು ಎರಡಕ್ಕೂ ಮೊಹರು ಹಾಕಿಸಿದ್ದೇನೆ. ಮಾವ, ಕೆಳಗೆ ಅವರ ಭಾಷೆಯಲ್ಲಿ ಬರೆಯುವಾಗ ಕೊನೆಯ ಎರಡು ಸಾಲನ್ನು ಬೀದಿಯಲ್ಲಿ ನಿಂತವರಿಗೂ ಕಾಣುವಷ್ಟು ದೊಡ್ಡದಾಗಿ ಬರೆ.

ದರ್ಜಿಯಮ್ಮನವರ ಚೀಲಗಳಲ್ಲಿ ಬಿಸಿಲಿನ ವಾಸನೆಯಿತ್ತು, ಬೇರೇನೂ ಇರಲಿಲ್ಲ.

ವಿಷ ನನ್ನ ಕೈಯಲ್ಲಿತ್ತು.